ಪೆಟ್ಟಿಗೆ ತಂದ ದಿನವೇ ಜೇನು ತರಬೇಡಿ

ಶ್ರೀನಿವಾಸಪುರದ ಕಡೆ ಮಾವಿನ ತೋಟ ಇರುವವರಿಗೆ ಜೇನು ಸಾಕುವ ಆಸೆ ಹುಟ್ಟುವುದು ಮರ ಹೂ ಬಿಟ್ಟಾಗ. ಅವಸರದಲ್ಲಿ ಪೆಟ್ಟಿಗೆ ತರುತ್ತಾರೆ, ಅದೇ ಸಂಜೆ ಜೇನು ಕೂರಿಸುತ್ತಾರೆ. ನಾಲ್ಕೇ ದಿನ, ಪೆಟ್ಟಿಗೆ ಖಾಲಿ. ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು, ಅಂದರೆ ತುಡುವೆಯ ಗುಣವೇ ಹಾಗೆ. ಮನೆ ಹಿಡಿಸದಿದ್ದರೆ ಎದ್ದು ಹೋಗುತ್ತದೆ. ಹಾಗಾಗಿ ಹದಿನೈದು ದಿನ ಮೊದಲೇ ಕೆಲಸ ಶುರು ಮಾಡಿ.

ಮೊದಲು ವಾಸನೆ ಹೋಗಲಿ. ನನ್ನ ಮೊದಲ ಪೆಟ್ಟಿಗೆಗೆ ಒಳಗೂ ಹೊರಗೂ ಬಣ್ಣ ಬಳಿದಿದ್ದೆ, ಚೆಂದ ಕಾಣಲಿ ಅಂತ. ಮೂರನೇ ದಿನ ಜೇನು ಹೋಯಿತು, ಚೆಂದದ ಪೆಟ್ಟಿಗೆ ಉಳಿಯಿತು! ಬಣ್ಣ ಹೊರಗೆ ಮಾತ್ರ ಸಾಕು, ಅದೂ ತಿಳಿ ಬಣ್ಣ. ಒಳಗೆ ಬರೀ ಮರ ಇರಲಿ. ಬಳಿದ ಮೇಲೆ ಒಂದು ವಾರ ಗಾಳಿಗೆ ತೆರೆದಿಡಿ. ಹಳೆ ಪೆಟ್ಟಿಗೆಯಾದರೆ ಕೆರೆದು, ಬಿಸಿಲಿಗಿಟ್ಟು, ಒಳಮೂಲೆಗಳಿಗೆ ಸ್ವಲ್ಪ ಬೆಂಕಿ ತೋರಿಸಿ. ಮೇಣದ ಹುಳುವಿನ ಮೊಟ್ಟೆ ಸಂದಿಯಲ್ಲೇ ಇರುತ್ತದೆ. ಕೊನೆಗೆ ಒಳಗೋಡೆಗೆ ಜೇನುಮೇಣ ಉಜ್ಜಿ. ಮಜ್ಜಿಗೆ ಹುಲ್ಲು ಸಿಕ್ಕರೆ ಅದನ್ನೂ ಉಜ್ಜಬಹುದು.

ಈಗ ಜೋಡಣೆ. ಕೆಳಗೆ ಅಡಿಮಣೆ, ಅದರ ಮೇಲೆ ರಾಣಿ ಮೊಟ್ಟೆಯಿಡುವ ಸಂಸಾರದ ಕೋಣೆ, ಮೇಲೆ ಮುಚ್ಚಳ. ತುಪ್ಪ ಕೂಡಿಡುವ ಜೇನು ಕೋಣೆಯನ್ನು ಈಗಲೇ ಇಡಬೇಡಿ. ಚಿಕ್ಕ ಕುಟುಂಬಕ್ಕೆ ಅಷ್ಟು ದೊಡ್ಡ ಮನೆ ಕಾಯುವುದು ಕಷ್ಟ. ಎರಿ (ಜೇನುಗೂಡಿನ ಹಲ್ಲೆ) ಕಟ್ಟಲು ಕೋಣೆಯೊಳಗೆ ಇಳಿಬಿಡುವ ಮರದ ಚೌಕಟ್ಟುಗಳ ಸುತ್ತ ಸುಮಾರು 8 ಮಿಲಿಮೀಟರ್ ಓಡಾಡುವ ಜಾಗ ಬೇಕು. ಜಾಸ್ತಿಯಾದರೆ ಆ ಸಂದಿಯಲ್ಲೂ ಎರಿ ಕಟ್ಟುತ್ತವೆ, ಆಮೇಲೆ ಚೌಕಟ್ಟು ಎತ್ತಲು ಹೋದರೆ ಎಲ್ಲಾ ಕಿತ್ತು ಬರುತ್ತದೆ. ಪ್ರತಿ ಚೌಕಟ್ಟಿನ ಮೇಲ್ಪಟ್ಟಿಗೆ ಒಂದು ಇಂಚು ಅಗಲದ ಮೇಣದ ಹಾಳೆ ಅಂಟಿಸಿ, ಅದು ನೋಡಿ ನೇರವಾಗಿ ಕಟ್ಟುತ್ತವೆ. ಕೊಳ್ಳುವಾಗ ತುಡುವೆಯ ಹಾಳೆಯೇ ಅಂತ ಕೇಳಿ. ಮೆಲ್ಲಿಫೆರಾ ಅನ್ನುವ ದೊಡ್ಡ ವಿದೇಶಿ ಜೇನಿನ ಹಾಳೆಯ ಕಣ್ಣು ದೊಡ್ಡದು, ನಮ್ಮ ಜೇನಿಗೆ ಆಗದು.

ಎರಿ ತೂಗುಗುಂಡಿನಂತೆ ನೆಟ್ಟಗೆ ಇಳಿಯುತ್ತದೆ. ಪೆಟ್ಟಿಗೆ ಪಕ್ಕಕ್ಕೆ ವಾಲಿದ್ದರೆ ಎರಿ ಚೌಕಟ್ಟು ಬಿಟ್ಟು ಹೊರಬರುತ್ತದೆ. ರಸಮಟ್ಟ ಇಟ್ಟು ನೋಡಿ. ಮುಂದಕ್ಕೆ ಮಾತ್ರ ಕೂದಲೆಳೆಯಷ್ಟು ಇಳಿಜಾರು ಇರಲಿ, ಮಳೆನೀರು ಒಳಗೆ ನಿಲ್ಲಬಾರದು.

ಜಾಗ ಯಾವುದು? ಬೆಳಗಿನ ಬಿಸಿಲು ಬಾಗಿಲಿಗೆ ಬೀಳಬೇಕು, ಮಧ್ಯಾಹ್ನ ಮರದ ನೆರಳಿರಬೇಕು. ಪೂರ್ವಕ್ಕೆ ಮುಖ ಮಾಡಿದರೆ ಸರಿ. ಬಾಗಿಲ ಮುಂದೆ ದನ ಓಡಾಡುವ ದಾರಿ ಬೇಡ.

ಇನ್ನು ಇರುವೆ. ನನ್ನ ಅನುಭವದಲ್ಲಿ ಜೇನು ಓಡಿಸುವುದರಲ್ಲಿ ಇರುವೆಗೆ ಮೊದಲ ಬಹುಮಾನ. ಪೀಠದ ನಾಲ್ಕೂ ಕಾಲು ನೀರಿನ ಬಟ್ಟಲಲ್ಲಿ ನಿಲ್ಲಲಿ. ನಮ್ಮ ಬಿಸಿಲಿಗೆ ನೀರು ಎರಡು ದಿನದಲ್ಲಿ ಆರುತ್ತದೆ, ನೋಡ್ತಾ ಇರಬೇಕು. ಸುತ್ತ ಒಂದು ಮಾರು ಹುಲ್ಲು ಸವರಿ. ಒಂದೇ ಒಂದು ಗರಿಕೆ ಪೆಟ್ಟಿಗೆಗೆ ತಾಗಿದರೂ ಇರುವೆಗೆ ಅದೇ ಸೇತುವೆ.

ನೀರು ಮರೆಯಬೇಡಿ. ಕೋಲಾರದಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ ಅಲ್ವಾ? ಅಗಲದ ತಟ್ಟೆಯಲ್ಲಿ ನೀರು, ಕೂರಲು ಒಂದಷ್ಟು ಬೆಣಚುಕಲ್ಲು. ಇಷ್ಟಿದ್ದರೆ ನಿಮ್ಮ ಪೆಟ್ಟಿಗೆ ಜೇನು ಪಕ್ಕದವರ ತೊಟ್ಟಿಗೆ ಹೋಗುವುದು ತಪ್ಪುತ್ತದೆ.

ಪಕ್ಕದವರ ಮಾತು ಬಂದಾಗ ಇನ್ನೊಂದು. ಮಾವಿನ ಹೂವಿಗೆ ಜಿಗಿಹುಳುವಿನ ಔಷಧಿ ಯಾವಾಗ ಹೊಡೆಯುತ್ತಾರೆ ಅಂತ ಮೊದಲೇ ಕೇಳಿ. ಔಷಧಿ ಹೊಡೆದ ವಾರ ಜೇನು ತರುವುದು ಬೇಡವೇ ಬೇಡ. ಮಾವಿನ ಹೂವು ತಪ್ಪಿತು ಅಂತ ಚಿಂತೆ ಬೇಡ, ಅದರ ನಂತರ ಹೊಂಗೆ, ಹುಣಸೆ ಇದ್ದೇ ಇವೆ.

ಜೇನು ತರುವುದು ಕತ್ತಲಾಗುವ ಹೊತ್ತಿಗೆ. ಕುಟುಂಬ ಕೂರಿಸಿ, ಬಾಗಿಲಿಗೆ ರಾಣಿ ತಡೆ ಹಾಕಿ, ಅಂದರೆ ಕೆಲಸಗಾರ ಜೇನು ದಾಟುವ, ರಾಣಿ ದಾಟಲಾಗದ ಸಣ್ಣ ಕಂಡಿಯ ಪಟ್ಟಿ. ಒಂದು ಪಾಲು ಸಕ್ಕರೆ, ಒಂದು ಪಾಲು ನೀರಿನ ಪಾಕ ಚಿಕ್ಕ ಬಟ್ಟಲಲ್ಲಿ ಒಳಗಿಡಿ, ಜೇನು ಮುಳುಗದಂತೆ ಕಡ್ಡಿ ಹಾಕಿ. ಬೆಲ್ಲ ಬೇಡ, ಜೇನಿಗೆ ಹೊಟ್ಟೆ ಕೆಡುತ್ತದೆ. ಹನಿಯೂ ಹೊರಗೆ ಚೆಲ್ಲಬಾರದು, ಇರುವೆಗೆ ನೀವೇ ಕರೆಯೋಲೆ ಕೊಟ್ಟಂತೆ.

ಆಮೇಲೆ ಮುಚ್ಚಳ ತೆಗೆದು ಇಣುಕಬೇಡಿ. ಬೆಳಗ್ಗೆ ದೂರ ಕೂತು ಬಾಗಿಲು ನೋಡಿ. ಕಾಲಿಗೆ ಹಳದಿ ಪರಾಗ ಮೆತ್ತಿಕೊಂಡು ಒಳಗೆ ಹೋಗುತ್ತಿದ್ದರೆ ಮರಿಗೆ ಊಟ ಹೊರುತ್ತಿವೆ ಎಂದರ್ಥ. ನಾಲ್ಕೈದು ದಿನ ಹೀಗೇ ಕಂಡರೆ ರಾಣಿ ತಡೆ ತೆಗೆಯಬಹುದು.