ಉಳುಕಿದ ಕಾಲಲ್ಲಿ ಮತ್ತೆ ಕೊಕ್ಕರೆಯಂತೆ ನಿಂತಿದ್ದು

ನನ್ನ ಎಡಗಾಲು ಒಂದೇ ವರ್ಷದಲ್ಲಿ ಎರಡು ಸಲ ಉಳುಕಿತು. ಮೊದಲನೇ ಸಲ ನಾನು ಕಲಿಸುವ ಕರಾಟೆ ಕ್ಲಾಸಿನಲ್ಲಿ. ಹಾರಿ ಒದ್ದು ಇಳಿಯುವಾಗ ಕಾಲು ಮ್ಯಾಟಿನ ಅಂಚಿನ ಮೇಲೆ ಬಿತ್ತು. ಪಾದ ಒಳಕ್ಕೆ ಮಡಚಿಕೊಂಡಿತು. ಎರಡನೇ ಸಲ ಒದೆತವೂ ಇರಲಿಲ್ಲ, ಹಾರಾಟವೂ ಇರಲಿಲ್ಲ. ಚಿತ್ರದುರ್ಗದ ಸಂತೆಹೊಂಡದ ಹತ್ತಿರ ತರಕಾರಿ ಚೀಲ ಹಿಡಿದು ನಡೆದು ಬರುತ್ತಿದ್ದೆ. ಗೋಲಿಯಷ್ಟು ಕಲ್ಲೊಂದು ಕಾಲಿಗೆ ಸಿಕ್ಕಿತು, ಅಷ್ಟೇ.

ಇಷ್ಟು ವರ್ಷ ಕರಾಟೆ ಕಲಿಸಿದವನ ಕಾಲು ಇಷ್ಟು ಸಣ್ಣ ಕಲ್ಲಿಗೆ ಯಾಕೆ ಸೋತಿತು? ಉತ್ತರ ಹುಡುಕುತ್ತಾ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೇ ಸಲ ಉಳುಕಿದ ದಿನ ಸಂಜೆಯೇ ಪರಿಚಯದವರೊಬ್ಬರು ಬಂದು, "ಎಣ್ಣೆ ಹಾಕಿ ತಿಕ್ಕಿದ್ರೆ ಸರಿ ಹೋಗ್ತತೆ" ಅಂದರು. ತಿಕ್ಕಿಸಿಕೊಂಡೆ. ರಾತ್ರಿಗೆ ಬಾವು ಇನ್ನೂ ಜಾಸ್ತಿಯಾಯಿತು. ಹೊಸ ಪೆಟ್ಟಿನ ಮೇಲೆ ದಯವಿಟ್ಟು ತಿಕ್ಕಿಸಬೇಡಿ. ಮೊದಲೆರಡು ದಿನ ಬಟ್ಟೆಯಲ್ಲಿ ಸುತ್ತಿದ ಐಸ್, ಕ್ರೇಪ್ ಬ್ಯಾಂಡೇಜ್, ಕಾಲನ್ನು ದಿಂಬಿನ ಮೇಲೆ ಎತ್ತಿಡುವುದು ಸಾಕು. ನಾಲ್ಕು ಹೆಜ್ಜೆ ಇಡಲೂ ಆಗದಿದ್ದರೆ, ಇಲ್ಲವೇ ಕಣಕಾಲಿನ ಎರಡೂ ಕಡೆ ಉಬ್ಬಿರುವ ಮೂಳೆಗಳ ಹಿಂಭಾಗ ಒತ್ತಿದರೆ ನೋವಾದರೆ ಎಕ್ಸ್‌ರೇ ಮಾಡಿಸಲೇಬೇಕು. ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಕೊಟ್ಟ ನಿಯಮ ಇದು. ಈಗಲೂ ಬಹಳ ಕಡೆ ಬಳಸುತ್ತಾರೆ.

ಎರಡು ವಾರಕ್ಕೆ ನೋವು ಹೋಯಿತು. ನೋವಿಲ್ಲ ಅಂದಮೇಲೆ ವಾಸಿಯಾಯಿತು ಅಂದುಕೊಂಡು ಕ್ಲಾಸಿಗೆ ಇಳಿದುಬಿಟ್ಟೆ. ಅದೇ ನಾನು ಮಾಡಿದ ದೊಡ್ಡ ತಪ್ಪು.

ಎರಡನೇ ಸಲ ಉಳುಕಿ, ಬಾವು ಇಳಿದಮೇಲೆ ಫಿಸಿಯೋಥೆರಪಿಸ್ಟ್ ಒಬ್ಬರ ಹತ್ತಿರ ಹೋದೆ. ಅವರು ಕಾಲು ಮುಟ್ಟುವ ಮೊದಲೇ, "ಸಾರ್, ಕಣ್ಣು ಮುಚ್ಚಿ ಒಂಟಿಕಾಲಲ್ಲಿ ನಿಲ್ಲಿ" ಅಂದರು. ಬಲಗಾಲಲ್ಲಿ 30 ಸೆಕೆಂಡ್ ಆರಾಮಾಗಿ ನಿಂತೆ. ಎಡಗಾಲಲ್ಲಿ ಆರನೇ ಸೆಕೆಂಡಿಗೆ ಇನ್ನೊಂದು ಕಾಲು ನೆಲಕ್ಕೆ ಬಂತು.

"ನೋವಾಯ್ತಾ?"

"ಇಲ್ಲ ಮೇಡಂ."

"ನೋವಿಲ್ಲ, ಆದರೂ ನಿಲ್ಲೋಕಾಗ್ತಿಲ್ಲ ಅಲ್ವಾ? ಇದನ್ನೇ ಸರಿಮಾಡಬೇಕು."

ಅವರು ಬಿಡಿಸಿ ಹೇಳಿದ್ದು ಹೀಗೆ. ನಾವು ಬೀಳದೆ ನಿಲ್ಲುವುದಕ್ಕೆ ಮಿದುಳಿಗೆ ಮೂರು ಕಡೆಯಿಂದ ಸುದ್ದಿ ಹೋಗುತ್ತಿರಬೇಕು. ಒಂದು ಕಣ್ಣಿಂದ, ಒಂದು ಒಳಕಿವಿಯಿಂದ, ಇನ್ನೊಂದು ಕೀಲು, ಸ್ನಾಯು, ಪಾದದ ಚರ್ಮದಿಂದ. ಪಾದ ಒಳಕ್ಕೆ ಮಡಚಿದಾಗ ಕಣಕಾಲಿನ ಹೊರಬದಿಯ ಲಿಗಮೆಂಟ್, ಅಂದರೆ ಮೂಳೆಗಳನ್ನು ಜೋಡಿಸಿ ಹಿಡಿದಿರುವ ಪಟ್ಟಿ, ಎಳೆದುಹೋಗುತ್ತದೆ. ಅದರೊಳಗಿನ ನರದ ತುದಿಗಳಿಗೂ ಪೆಟ್ಟಾಗುತ್ತದೆ ಎಂದು ಫ್ರೀಮನ್ ಎಂಬ ವೈದ್ಯರು 1965ರಲ್ಲೇ ಬರೆದಿದ್ದರು. ಕಾಲು ವಾಲುತ್ತಿದೆ ಎಂಬ ಸುದ್ದಿ ತಡವಾಗಿ ಹೋದರೆ, ಅದನ್ನು ಎಳೆದು ಹಿಡಿಯಬೇಕಾದ ಹೊರಬದಿಯ ಸ್ನಾಯುಗಳೂ ತಡವಾಗಿ ಏಳುತ್ತವೆ. ಅಷ್ಟರಲ್ಲಿ ಕಾಲು ಮಡಚಿರುತ್ತದೆ. ಸಂತೆಹೊಂಡದ ಹತ್ತಿರ ಆಗಿದ್ದು ಇದೇ.

ಹಾಗಾಗಿ ಮೂರು ತಿಂಗಳು ಬಿಡದೆ ನಿಲ್ಲುವುದನ್ನೇ ಕಲಿತೆ. ಶುರುವಿನಲ್ಲಿ ಬಾಗಿಲ ಚೌಕಟ್ಟಿಗೆ ಒಂದು ಬೆರಳು ತಾಗಿಸಿ, ಬರಿಗಾಲಲ್ಲಿ, ಎಡಗಾಲ ಮೇಲೆ 30 ಸೆಕೆಂಡ್. ಹೀಗೆ ಐದು ಸಲ. ಮೊಣಕಾಲು ಬಿಗಿಯಾಗಿರಬಾರದು, ಸ್ವಲ್ಪ ಬಾಗಿರಬೇಕು. ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಹಿಮ್ಮಡಿ, ಈ ಮೂರೂ ನೆಲಕ್ಕೆ ಊರಿರಬೇಕು. ಬೆರಳುಗಳಿಂದ ನೆಲವನ್ನು ಕಚ್ಚಿ ಹಿಡಿಯಬಾರದು. ಬೆಳಿಗ್ಗೆ ಹಲ್ಲುಜ್ಜುವಾಗಲೂ ಒಂಟಿಕಾಲೇ. ಜೊತೆಗೆ ತುದಿಗಾಲಲ್ಲಿ ನಿಧಾನಕ್ಕೆ ಏರಿ ಇಳಿಯುವುದು. ಏರುವುದಕ್ಕಿಂತ ಇಳಿಯುವಾಗ ಜಾಸ್ತಿ ಹೊತ್ತು ತೆಗೆದುಕೊಂಡೆ.

ಆಮೇಲೆ ಕೌದಿ. ಫಿಸಿಯೋ ಅವರ ಹತ್ತಿರ ಮೆತ್ತನೆಯ ಫೋಮ್ ಇತ್ತು, ತೂಗಾಡುವ ಹಲಗೆಯೂ ಇತ್ತು. ಮನೆಯಲ್ಲಿ ನಮ್ಮವ್ವ ಹೊಲಿದ ಹಳೇ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ನಿಂತೆ. ಮೆತ್ತನೆಯದರ ಮೇಲೆ ಪಾದಕ್ಕೆ ನೆಲದ ಸುದ್ದಿ ಸರಿಯಾಗಿ ಸಿಗುವುದಿಲ್ಲ. ಕಣಕಾಲು ಒಂದೇ ಸಮನೆ ಕೆಲಸ ಮಾಡಬೇಕಾಗುತ್ತದೆ. ಮೊದಲು ಕಣ್ಣು ತೆರೆದು ನಿಂತೆ. ನಂತರ ಮಗಳು ಎಸೆದ ಚೆಂಡನ್ನು ಹಿಡಿಯುತ್ತಾ ನಿಂತೆ. ಕಣ್ಣು ಮುಚ್ಚಿ ಕೌದಿ ಮೇಲೆ ನಿಲ್ಲುವುದು ಕೊನೆಗೆ. ಅದನ್ನು ಗೋಡೆಯ ಮೂಲೆಯಲ್ಲೇ ಮಾಡಬೇಕು, ಬಿದ್ದರೆ ಹಿಡಿದುಕೊಳ್ಳಲು ಏನಾದರೂ ಇರಬೇಕು.

ನನಗೆ ಜಾಸ್ತಿ ಉಪಯೋಗವಾಗಿದ್ದು ಸೀಮೆಸುಣ್ಣದ ಗೆರೆಗಳು. ನೆಲದ ಮೇಲೆ ಮೂರು ಗೆರೆ ಎಳೆದೆ. ಮುಂದಕ್ಕೆ ಒಂದು, ಹಿಂದಕ್ಕೆ ಓರೆಯಾಗಿ ಎರಡು. ಮೂರೂ ಸೇರುವಲ್ಲಿ ಎಡಗಾಲು ಊರಿ, ಬಲಗಾಲಿನ ಬೆರಳಿಂದ ಒಂದೊಂದು ಗೆರೆಯ ಮೇಲೆ ಎಷ್ಟು ದೂರ ಮುಟ್ಟಿ ವಾಪಸ್ ಬರಬಹುದು ಎಂದು ಟೇಪ್ ಹಿಡಿದು ಅಳೆದೆ. ಆಮೇಲೆ ಕಾಲು ಬದಲಿಸಿದೆ. ಮುಂದಿನ ಗೆರೆಯಲ್ಲಿ ಎರಡೂ ಕಾಲಿನ ನಡುವೆ 4 ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸವಿದ್ದ ಆಟಗಾರರಿಗೆ ಪೆಟ್ಟಾಗುವ ಸಂಭವ ಹೆಚ್ಚು ಎಂದು ಬಾಸ್ಕೆಟ್‌ಬಾಲ್ ಆಡುವ ಹೈಸ್ಕೂಲ್ ಮಕ್ಕಳಲ್ಲಿ ಕಂಡುಬಂದಿತ್ತು. ನನ್ನದು 7 ಇತ್ತು. ನೋವು ಸುಳ್ಳು ಹೇಳಬಹುದು, ಟೇಪ್ ಹೇಳುವುದಿಲ್ಲ ಎಂದು ಅವತ್ತಿಂದ ನಂಬಿದ್ದೇನೆ.

ಎಂಟನೇ ವಾರಕ್ಕೆ ಒದೆತ ಶುರು ಮಾಡಿದೆ, ತುಂಬಾ ನಿಧಾನಕ್ಕೆ. ನೇರ ಮುಂದಕ್ಕೆ ಒದೆಯುವ ಮಾಯೆ ಗೇರಿಯನ್ನು ಎಂಟು ಎಣಿಕೆಯಲ್ಲಿ ಎತ್ತಿ, ಚಾಚಿ, ಮಡಚಿ, ಇಳಿಸುವುದು. ನಾವೆಲ್ಲ ಒದೆಯುವ ಕಾಲನ್ನೇ ನೋಡುತ್ತೇವೆ. ಊರಿದ ಕಾಲನ್ನು ಯಾರೂ ನೋಡುವುದಿಲ್ಲ. ಕಾಲನ್ನು ಪಕ್ಕದಿಂದ ಸುತ್ತಿ ಒದೆಯುವ ಮವಾಶಿ ಗೇರಿಯಲ್ಲಿ ಸೊಂಟ ತಿರುಗಿದಂತೆ ಊರಿದ ಕಾಲಿನ ಹಿಮ್ಮಡಿಯೂ ತಿರುಗಬೇಕು. ಅದು ಮ್ಯಾಟಿಗೆ ಅಂಟಿಕೊಂಡರೆ ಆ ತಿರುವೆಲ್ಲ ಕಣಕಾಲು, ಮೊಣಕಾಲಿಗೆ ಬೀಳುತ್ತದೆ. ಅದಕ್ಕೇ ಒದೆಯದೆ, ಸುಮ್ನೆ ಮುಂಗಾಲ ಮೇಲೆ ತಿರುಗುವುದನ್ನೇ ದಿನಕ್ಕೆ 50 ಸಲ ಮಾಡಿದೆ. ಆಮೇಲೆ ಒಂಟಿಕಾಲಲ್ಲಿ ಕುಪ್ಪಳಿಸಿ, ಇಳಿದ ಜಾಗದಲ್ಲೇ ಮೂರು ಎಣಿಸುವವರೆಗೆ ಅಲ್ಲಾಡದೆ ನಿಲ್ಲುವುದು.

ಕರಾಟೆಯ ಶೋಟೋಕಾನ್ ಶೈಲಿಯಲ್ಲಿ ಗಂಕಾಕು ಎಂಬ ಕಾತಾ ಇದೆ. ಕಾತಾ ಅಂದರೆ ಒಬ್ಬರೇ ಕ್ರಮವಾಗಿ ಮಾಡುವ ಪಟ್ಟುಗಳ ಸರಣಿ. ಬಂಡೆಯ ಮೇಲೆ ನಿಂತ ಕೊಕ್ಕರೆ ಎಂದು ಗಂಕಾಕುವಿನ ಅರ್ಥ. ಅದರಲ್ಲಿ ಮತ್ತೆ ಮತ್ತೆ ಒಂಟಿಕಾಲಲ್ಲಿ ನಿಲ್ಲಬೇಕು. ಪಾದವನ್ನು ಇನ್ನೊಂದು ಮೊಣಕಾಲಿನ ಹಿಂದೆ ಸಿಕ್ಕಿಸಿ, ಅಲ್ಲಿಂದಲೇ ಒದೆಯಬೇಕು. ಮೊದಲೆಲ್ಲ ಅದನ್ನು ಅಂದಕ್ಕೆ ಮಾಡುತ್ತಿದ್ದೆ. ಪೆಟ್ಟಾದಮೇಲೆ ಆ ನಿಲುವೇ ನನ್ನ ಪರೀಕ್ಷೆಯಾಯಿತು. ಹನ್ನೆರಡನೇ ವಾರ ಬೆಳಿಗ್ಗೆ ಕೋಟೆಗೆ ಹೋದೆ. ಏಳು ಸುತ್ತಿನ ಕೋಟೆಯ ಕಲ್ಲಿನ ಮೆಟ್ಟಿಲು ಒಂದೊಂದೂ ಒಂದೊಂದು ಎತ್ತರ. ಏರುವುದು ಕಷ್ಟವಾಗಲಿಲ್ಲ. ಇಳಿಯುವಾಗ ಮೊಣಕಾಲು ಸಡಿಲ ಬಿಟ್ಟು ಎಚ್ಚರದಿಂದ ಇಳಿದೆ. ಏಕನಾಥೇಶ್ವರಿ ಗುಡಿಯ ಹತ್ತಿರ ಒಣಗಿದ ಸಮತಟ್ಟು ಬಂಡೆ ನೋಡಿ, ಎಡಗಾಲ ಮೇಲೆ ಗಂಕಾಕು ನಿಲುವಿನಲ್ಲಿ ನಿಂತೆ. ಕಾಲು ಒಳಗೊಳಗೇ ಸಣ್ಣಗೆ ಅದುರುತ್ತಾ ತನ್ನನ್ನು ತಾನೇ ಸರಿಮಾಡಿಕೊಳ್ಳುತ್ತಿತ್ತು. ಆ ಅದುರು ನನಗೆ ತುಂಬಾ ಖುಷಿ ಕೊಟ್ಟಿತು.

ಈಗ ಪ್ರತಿ ಕ್ಲಾಸಿನ ಮೊದಲ ಹತ್ತು ನಿಮಿಷ ಇದೇ. ಹೋದ ತಿಂಗಳು ಒಬ್ಬ ಹುಡುಗಿಗೆ ಕಾಲು ಉಳುಕಿತ್ತು. ಮೊನ್ನೆ ಓಡಿ ಬಂದು, "ಸಾರ್, ನೋವೇ ಇಲ್ಲ, ಸ್ಪಾರಿಂಗ್ ಮಾಡ್ಲಾ?" ಅಂತ ಕೇಳಿದಳು. ಸೀಮೆಸುಣ್ಣದ ಗೆರೆ ಮೇಲೆ ನಿಲ್ಲಿಸಿ ಅಳೆದೆ. ಇನ್ನೂ 5 ಸೆಂಟಿಮೀಟರ್ ವ್ಯತ್ಯಾಸ ಇತ್ತು.

"ಮೂಲೆಯಲ್ಲಿ ಕೌದಿ ಐತೆ, ತಗೊಂಡು ಬಾರವ್ವ" ಅಂದೆ.