ಟೈಮ್‌ಔಟಿನಲ್ಲಿ ಎರಡೇ ಮಾತು

ಬ್ಯಾಸ್ಕೆಟ್‌ಬಾಲ್ ಕೋಚ್ ಆದ ಮೊದಲ ದಿನ ಹುಡುಗರಿಗೆ ನಾನು ತೋರಿಸಿದ್ದು ಲೇಅಪ್, ಅಂದರೆ ಓಡಿಬಂದು ರಿಂಗ್ ಹತ್ತಿರ ಜಿಗಿದು ಚೆಂಡು ಹಾಕೋದು. ಡ್ರಿಬಲ್ ಮಾಡುತ್ತಾ, ಅಂದರೆ ಚೆಂಡನ್ನು ನೆಲಕ್ಕೆ ಪುಟಿಸುತ್ತಾ ಬಂದೆ, ಎರಡು ಹೆಜ್ಜೆ ಹಾಕಿ ಜಿಗಿದೆ, ಚೆಂಡು ಬೋರ್ಡಿಗೆ ತಾಗಿ ಒಳಗೆ ಬಿತ್ತು. ಚಪ್ಪಾಳೆ ಬಂತು. ಆಮೇಲೆ ಒಬ್ಬ ಕೇಳಿದ: ‘ಭಾಳ ಛಲೋ ಹೊಡದ್ರಿ ಸರ್. ಆದ್ರ ನಾವು ಹ್ಯಾಂಗ ಹೊಡೀಬೇಕ್ರಿ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಹದಿನಾಲ್ಕು ವರ್ಷ ಆಡಿದ್ದೆ. ಬೆಂಗಳೂರಿನ ಒಂದು ಬ್ಯಾಂಕಿನ ತಂಡದಲ್ಲಿ ಆಟಕ್ಕೇ ಸಂಬಳ ತಗೊಂಡಿದ್ದೆ. ಆದರೆ ಯಾವ ಕಾಲು ಮೊದಲು ಇಡ್ತೀನಿ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಮೊಣಕಾಲಿನ ಲಿಗಮೆಂಟ್ ಹರಿದು ಆಟ ನಿಂತಿತು, ಕಲಬುರಗಿ ಶಾಖೆಗೆ ವರ್ಗ ಕೇಳಿ ಊರಿಗೆ ಬಂದೆ. ಸುಮ್ನೆ ಕೂರೋಕೆ ಆಗದೆ ಬೆಳಿಗ್ಗೆ ಹೊತ್ತು ಮಕ್ಕಳಿಗೆ ಕಲಿಸಲು ಶುರು ಮಾಡಿದೆ. ಕಥೆ ಇಷ್ಟೇ.

ಚೆನ್ನಾಗಿ ಆಡಿದವನು ಚೆನ್ನಾಗಿ ಕಲಿಸುತ್ತಾನೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಮ್ಯಾಜಿಕ್ ಜಾನ್ಸನ್‌ಗಿಂತ ದೊಡ್ಡ ಆಟಗಾರ ಬೇಕಾ? 1994ರಲ್ಲಿ ಅಮೆರಿಕದ ಲೇಕರ್ಸ್ ತಂಡಕ್ಕೆ ಕೋಚ್ ಆದರು, 16 ಪಂದ್ಯದಲ್ಲಿ 5 ಗೆದ್ದು 11 ಸೋತರು, ಅಲ್ಲಿಗೆ ಬಿಟ್ಟರು. ಆಡುವಾಗ ಜಾಸ್ತಿ ಹೊತ್ತು ಬೆಂಚಿನ ಮೇಲೇ ಇರುತ್ತಿದ್ದ ಫಿಲ್ ಜಾಕ್ಸನ್ ಕೋಚ್ ಆಗಿ ಅಲ್ಲಿನ ದೊಡ್ಡ ಲೀಗ್ ಎನ್‌ಬಿಎಯನ್ನು 11 ಸಲ ಗೆದ್ದರು. ಬೆಂಚಿನ ಮೇಲೆ ಕೂತವನಿಗೆ ಆಟ ನೋಡೋಕೆ ಟೈಮ್ ಸಿಗುತ್ತೆ, ಅಲ್ವಾ?

ಆ ಮೊದಲ ದಿನದ ರಾತ್ರಿ ಮನೆಯ ಮಾಳಿಗೆ ಮೇಲೆ ಹೋಗಿ ನಿಧಾನಕ್ಕೆ ನನ್ನ ಹೆಜ್ಜೆಗಳನ್ನೇ ನೋಡಿಕೊಂಡೆ. ಬಲಗೈಯಲ್ಲಿ ಹಾಕುವಾಗ ಮೊದಲು ಬಲಗಾಲು, ಆಮೇಲೆ ಎಡಗಾಲು, ಎಡಗಾಲಿನಿಂದಲೇ ಜಿಗಿತ. ಮರುದಿನ ಕೋರ್ಟಿನ ಮೇಲೆ ಸೀಮೆಸುಣ್ಣದಲ್ಲಿ ಎರಡು ಪಾದ ಬರೆದೆ. ಹಿಂದುಮುಂದಾಗಿ ಕಲಿಸಿದೆ: ಮೊದಲು ರಿಂಗ್ ಪಕ್ಕದಲ್ಲೇ ನಿಂತು ಎಡಗಾಲಿನ ಮೇಲೆ ಒಂದು ಜಿಗಿತ. ಅದು ಬಂದ ಮೇಲೆ ಎರಡು ಹೆಜ್ಜೆ. ಡ್ರಿಬಲ್ ಕೊನೆಗೆ. ‘ಬಲ ಮೊಣಕಾಲಿಗೂ ಬಲ ಮೊಣಕೈಗೂ ದಾರ ಕಟ್ಟಿದೆ ಅಂತ ತಿಳ್ಕೊಳ್ಳಿ, ಕೈ ಎತ್ತಿದರೆ ಕಾಲೂ ಏಳಬೇಕು’ ಅಂದೆ. ಹತ್ತು ದಿನದಲ್ಲಿ ಆ ಹುಡುಗನ ಕಾಲು ಸರಿಹೋಯಿತು. ಚೆಂಡು ಮಾತ್ರ ಒಳಗೆ ಹೋಗುತ್ತಿರಲಿಲ್ಲ.

ಅದಕ್ಕೆ ಕಾರಣ ನಾನೇ. ಹತ್ತು ವರ್ಷದ ಮಕ್ಕಳ ಕೈಗೆ ಗಂಡಸರು ಆಡುವ 7ನೇ ಸೈಜಿನ ಚೆಂಡು ಕೊಟ್ಟಿದ್ದೆ. ರಿಂಗ್ ಇದ್ದದ್ದು 3.05 ಮೀಟರ್ ಎತ್ತರದಲ್ಲಿ. ಮಕ್ಕಳು ಹೊಟ್ಟೆಯಿಂದ ಎತ್ತಿ, ಬಾವಿಯಿಂದ ಕೊಡ ಎತ್ತಿದ ಹಾಗೆ ಚೆಂಡು ಎಸೆಯುತ್ತಿದ್ದರು. ಮಿನಿ ಬ್ಯಾಸ್ಕೆಟ್‌ಬಾಲಿಗೆ ರಿಂಗ್ 2.60 ಮೀಟರ್, ಚೆಂಡು 5ನೇ ಸೈಜ್. ಚೆಂಡು ತರಿಸಿದೆ. ರಿಂಗಿಗೆ ವೆಲ್ಡಿಂಗ್ ಅಂಗಡಿಗೆ ಹೋಗಿ 45 ಸೆಂಟಿಮೀಟರ್ ಅಗಲದ ಬಳೆ ಬೇಕು ಅಂದೆ. ಆತ ಅಳತೆ ನೋಡಿ, ‘ರಂಜಣಗಿ ಇಡ್ಲಿಕ್ಕೇನ್ರಿ?’ ಅಂತ ಕೇಳಿದ, ನೀರಿನ ಮಡಕೆಗೆ ಅಂದುಕೊಂಡು. ಹೇಳಿ ಮುಗಿಸುವಷ್ಟರಲ್ಲಿ ಅವನ ಮಗನೂ ನನ್ನ ಕ್ಯಾಂಪಿಗೆ ಸೇರಿದ್ದ.

ನಮ್ಮೂರ ಬಿಸಿಲಿನ ಬಗ್ಗೆ ಹೊರಗಿನವರಿಗೆ ಹೇಳಿದರೆ ನಂಬೋದಿಲ್ಲ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತೆ. ಸಂಜೆ ಐದಕ್ಕೂ ಸಿಮೆಂಟ್ ಕೋರ್ಟ್ ರೊಟ್ಟಿ ಹಂಚಿನ ಹಾಗೆ ಕಾದಿರುತ್ತೆ. ಬೆಂಗಳೂರಿನ ಟೈಂಟೇಬಲ್ ಇಲ್ಲಿ ನಡೆಯಲ್ಲ. ಬೆಳಿಗ್ಗೆ ಐದೂವರೆಗೆ ಶುರು, ಏಳೂವರೆಗೆ ಮುಗಿತು. ಮಕ್ಕಳು ಉಪ್ಪು ಹಾಕಿದ ಮಜ್ಜಿಗೆ ತರುತ್ತಾರೆ. ಈ ಕೋರ್ಟಿನ ಮೇಲೆ ಚೆಂಡಿನ ಮೈಮೇಲಿನ ಸಣ್ಣ ಉಬ್ಬುಗಳು ಬೇಗ ಸವೆದು ಚೆಂಡು ಬೋಳಾಗುತ್ತೆ, ಬೋಳು ಚೆಂಡು ಬೆವರಿದ ಕೈಯಲ್ಲಿ ಜಾರುತ್ತೆ. ದುಬಾರಿ ಚೆಂಡು ಪಂದ್ಯಕ್ಕೆ ಮಾತ್ರ ಹೊರಗೆ ಬರುತ್ತೆ, ಪ್ರಾಕ್ಟೀಸಿಗೆ ರಬ್ಬರಿನದೇ.

ಫೀಸಿನಿಂದ ಮನೆ ನಡೆಯಲ್ಲ. ಬ್ಯಾಂಕಿನ ಕೆಲಸ ಇರೋದಕ್ಕೆ ಇದು ನಡೀತಿದೆ.

ಮೊದಲ ವರ್ಷದ ಒಂದು ಪಂದ್ಯ ಇನ್ನೂ ಚುಚ್ಚುತ್ತೆ. ಕೊನೆಯ ಕ್ವಾರ್ಟರ್‌, ಎರಡು ಪಾಯಿಂಟ್ ಹಿಂದೆ ಇದ್ದೆವು. ಎದುರು ತಂಡದ ಎಂಟನೇ ನಂಬರಿನವನು ನಮ್ಮನ್ನು ಸೀಳಿಕೊಂಡು ಹೋಗುತ್ತಿದ್ದ. ಟೈಮ್‌ಔಟ್ ತಗೊಂಡೆ. ಆಟ ನಿಲ್ಲಿಸಿ ಮಾತಾಡೋಕೆ ಸಿಗೋದು 60 ಸೆಕೆಂಡ್. ಝೋನ್ ಹೀಗೆ ನಿಲ್ಲಿ, ಸ್ಕ್ರೀನ್ ಅಲ್ಲಿ ಹಾಕಿ, ನೀನು ಯಾಕೆ ಪಾಸ್ ಕೊಡಲಿಲ್ಲ, ನೀನು ಯಾಕೆ ಓಡಲಿಲ್ಲ ಅಂತ ಪೂರ್ತಿ 60 ಸೆಕೆಂಡ್ ಬೈದೆ. ಹುಡುಗರು ನೀರೂ ಕುಡಿಯಲಿಲ್ಲ. ವಾಪಸ್ ಹೋದ ಮೇಲೆ ಆಟ ನಡೆಸಬೇಕಾದ ನಮ್ಮ ಪಾಯಿಂಟ್ ಗಾರ್ಡ್ ನನ್ನನ್ನೇ ನೋಡುತ್ತಾ ನಿಂತಿದ್ದ. ಚೆಂಡು ಅವನ ಪಕ್ಕದಿಂದಲೇ ಹೋಯಿತು. ಒಂಬತ್ತು ಪಾಯಿಂಟಿಗೆ ಸೋತೆವು.

ಆಮೇಲೆ ನಾನೇ ಒಂದು ಕಟ್ಟುಪಾಡು ಹಾಕಿಕೊಂಡೆ. ಮೊದಲ ಇಪ್ಪತ್ತು ಸೆಕೆಂಡ್ ನಾನು ಬಾಯಿ ಬಿಡಲ್ಲ, ಅವರು ನೀರು ಕುಡಿದು ಉಸಿರು ತಗೊಳ್ಳಲಿ. ಆಮೇಲೆ ಎರಡೇ ಮಾತು. ಅದನ್ನು ಹುಡುಗರೇ ತಿರುಗಿ ನನಗೆ ಹೇಳಬೇಕು. ಎರಡು ಮಾತಿಗೆ ಇಳಿಸಬೇಕಾದರೆ ಆಟವನ್ನು ಕಣ್ಣಿಟ್ಟು ನೋಡಲೇಬೇಕು. ಕೂಗುತ್ತಾ ಇದ್ದರೆ ಕಾಣಿಸಲ್ಲ. ಅದಕ್ಕೇ ಈಗ ಕೈಯಲ್ಲಿ ಪುಟ್ಟ ನೋಟ್‌ಬುಕ್ ಹಿಡಿದು ಕೂರುತ್ತೇನೆ.

ಮುಂದಿನ ವರ್ಷ ಅದೇ ತಂಡ, ಅದೇ ಎಂಟನೇ ನಂಬರ್. ನೋಡಿದರೆ ಅವನು ಪ್ರತಿ ಸಲ ಬಲಕ್ಕೇ ನುಗ್ಗುತ್ತಾನೆ, ಎಡಗೈಯಲ್ಲಿ ಡ್ರಿಬಲ್ ಮಾಡಿದರೆ ತಲೆ ತಗ್ಗಿಸಿ ಚೆಂಡು ನೋಡುತ್ತಾನೆ. ಟೈಮ್‌ಔಟ್ ತಗೊಂಡೆ. ನೀರು ಕುಡಿದರು. ‘ಎಂಟನ್ನ ಎಡಕ್ಕೆ ತಳ್ಳಿ. ತಲೆ ತಗ್ಗಿಸಿದಾಗ ಇನ್ನೊಬ್ಬ ಹೋಗಿ.’ ನಮ್ಮ ಗಾರ್ಡ್ ತಿರುಗಿ ಹೇಳಿದ, ‘ಎಡಕ್ಕ ತಳ್ಳೂದು, ತಲಿ ಬಗ್ಗಿಸಿದ್ರ ಇಬ್ಬರು.’

ಆ ಪಂದ್ಯವನ್ನೂ ಸೋತೆವು, ಮೂರು ಪಾಯಿಂಟಿಗೆ. ನಾನು ಬ್ಯಾಗಿಗೆ ಚೆಂಡು ತುಂಬುತ್ತಿದ್ದೆ. ಗಾರ್ಡ್ ಓಡಿಬಂದು ನನ್ನ ನೋಟ್‌ಬುಕ್ ಕಡೆ ಬೆರಳು ಮಾಡಿದ: ‘ನಾಕ್ ಸಲ ಕಸಗೊಂಡೇವ್ರಿ ಸರ್. ನೀವು ಮೂರ ಬರದೀರಿ.’