ಎರಿ ಮಣ್ಣು, ಕೆಮ್ಮಣ್ಣು, ಜೀನ್ಸ್ ಚಿಂದಿ: ಮುಟ್ಟಿ ನೋಡೋವಂಥ ಚಿತ್ರ ಮಾಡೋದು ಹ್ಯಾಂಗ

ಮಿಕ್ಸೆಡ್ ಮೀಡಿಯಾ, ಅಂದ್ರ ಬಣ್ಣದ ಜೋಡಿ ಮಣ್ಣು ಬಟ್ಟಿ ಅಂಥಾದ್ದೂ ಸೇರಿಸಿದ ಚಿತ್ರ, ಮಾಡ್ಬೇಕು ಅಂದ್ಕೂಡಲೇ ಮಂದಿ ಆನ್‌ಲೈನ್‌ನಾಗ ಒರಟು ಮೈಗೆ ಟೆಕ್ಸ್ಚರ್ ಪೇಸ್ಟ್, ಬಿರುಕಿಗೆ ಕ್ರ್ಯಾಕಲ್ ಮೀಡಿಯಂ ಅಂತ ಸಣ್ಣ ಸಣ್ಣ ಡಬ್ಬಿ ತರಿಸಿ ರೊಕ್ಕ ಸುರೀತಾರ. ಬ್ಯಾಡ್ರಿ. ಕೊಪ್ಪಳ, ಬಳ್ಳಾರಿ, ರಾಯಚೂರು ಕಡೆ ಇರೋರಿಗೆ ಅರ್ಧ ಸಾಮಾನು ಹೊಲದಾಗ, ಇನ್ನರ್ಧ ಹಾರ್ಡ್‌ವೇರ್ ಅಂಗಡ್ಯಾಗ ಸಿಗ್ತೈತಿ. ನನಗ ಬಣ್ಣದ ಹುಚ್ಚು ಭಾಳ, ಆದ್ರ ಸಪಾಟ ಬಿಳಿ ಕ್ಯಾನ್ವಾಸ್ ಮ್ಯಾಲ ಹಚ್ಚಿದ ಬಣ್ಣನ ಬ್ಯಾರೆ, ಒರಟು ಮೈ ಮ್ಯಾಲ ಕುಂತ ಬಣ್ಣನ ಬ್ಯಾರೆ, ಅದೇ ಕೆಂಪು ತಗ್ಗಿನಾಗ ಕಪ್ಪಗ ಉಬ್ಬಿನ ಮ್ಯಾಲ ತೆಳ್ಳಗ, ಮುಂಜಾನಿ ಒಂಥರಾ ಸಂಜೀಕ ಒಂಥರಾ ಕಾಣ್ತೈತಿ. ಅದಕ್ಕ ಮೊದಲು ಮೈ ತಯಾರು ಮಾಡ್ರಿ, ಬಣ್ಣದ ಡಬ್ಬಿ ಆಮ್ಯಾಲ ತೆಗೀರಿ.

ಹಿಂಗ ಮಾಡೋದು ನಮ್ಮ ಕಡೆ ಹೊಸದೇನಲ್ಲ. ಕೊಪ್ಪಳದ ಬಾಜೂನ ಕಿನ್ನಾಳದಾಗ ಚಿತ್ರಗಾರರು ಹಗುರ ಕಟ್ಟಿಗ್ಯಾಗ ಗೊಂಬಿ ಕೆತ್ತಿ ಜೋಡಿಸಿದ ಮ್ಯಾಲ ಸೀದಾ ಬಣ್ಣ ಹಚ್ಚಂಗಿಲ್ಲ. ಗೋಣಿ ಚೂರು ನೆನಸಿ, ಒಣಗಿಸಿ, ಪುಡಿ ಮಾಡಿ, ಕಟ್ಟಿಗಿ ಪುಡಿ ಮತ್ತ ಹುಣಸಿ ಬೀಜದ ಅಂಟಿನ ಜೋಡಿ ಕಲಸಿದ್ದಕ್ಕ ಕಿಟ್ಟ ಅಂತಾರ, ಅದನ್ನ ಕೈಲೇ ಮೆತ್ತತಾರ, ಅದರ ಮ್ಯಾಲ ಹತ್ತಿ ತುಂಡು ಅಂಟಸ್ತಾರ, ಅದರ ಮ್ಯಾಲ ಕಲ್ಲಿನ ಪುಡಿ ಪೇಸ್ಟು, ಇಷ್ಟೆಲ್ಲಾ ಆದಮ್ಯಾಲ ಬಣ್ಣ. ಗೊಂಬಿ ಮೈಮ್ಯಾಲಿನ ಒಡವಿನೂ ಕುಂಚದಾಗ ಬರೆದದ್ದಲ್ಲ, ಕಲ್ಲಿನ ಪುಡಿ ಅಂಟಿನಾಗ ಕಲಸಿ ಉಬ್ಬಿಸಿದ್ದು. ಒಮ್ಮೆ ಹೋಗಿ ನೋಡಿ ಬರ್ರಿ, ಎಷ್ಟು ವಿಡಿಯೋ ನೋಡಿದ್ರೂ ತಿಳಿಲಾರದ್ದು ಅಲ್ಲಿ ತಿಳೀತೈತಿ.

ಬೋರ್ಡಿನ ಮಾತು ಬೇಗ ಮುಗಸ್ತೀನಿ. ಕ್ಯಾನ್ವಾಸ್ ಬಾಗ್ತೈತಿ, ಬಾಗಿದ್ರ ದಪ್ಪ ಪದರ ಉದುರ್ತೈತಿ, ಅದಕ್ಕ ಎಂಡಿಎಫ್ (ಕಟ್ಟಿಗಿ ನಾರು ಒತ್ತಿ ಮಾಡಿದ ಹಲಗಿ) ಇಲ್ಲಾ ಪ್ಲೈವುಡ್ ತಗೋರಿ. ಎರಡೂ ಕಡೆ ನೀರು ಕಲಸಿದ ಫೆವಿಕಾಲ್ ಬಳೀರಿ, ಒಂದೇ ಕಡೆ ಬಳದ್ರ ಬೋರ್ಡ್ ಸೊಟ್ಟ ಆಗ್ತೈತಿ. ಒಣಗಿದ ಮ್ಯಾಲ ಒರಟು ಪಾಲಿಶ್ ಕಾಗದದಾಗ ಒಂದು ಸಲ ತಿಕ್ಕಿಬಿಡ್ರಿ, ಸಾಕು.

ಈಗ ಎರಿ ಮಣ್ಣು, ಅಂದ್ರ ಕರಿ ಮಣ್ಣು, ನನಗ ಎಲ್ಲಾಕ್ಕಿಂತ ಜಾಸ್ತಿ ಸೇರೋದು ಇದೇ. ಬ್ಯಾಸಗಿ ಒಳಗ ಎರಿ ಹೊಲ ಕಾಲು ಸಿಗೋವಷ್ಟು ಬಿರುಕು ಬಿಟ್ಟಿರ್ತೈತಲ್ಲ, ಅದರಾಗಿನ ಜೇಡಿ ನೀರು ಕುಡದ್ರ ಉಬ್ಬತೈತಿ ಒಣಗಿದ್ರ ಕುಗ್ಗತೈತಿ, ಕ್ರ್ಯಾಕಲ್ ಡಬ್ಬ್ಯಾಗ ರೊಕ್ಕ ಕೊಟ್ಟು ತಗೊಳ್ಳೋ ಬಿರುಕು ಇಲ್ಲಿ ಪುಕ್ಕಟೆ. ಒಣ ಹೆಂಟಿ ಕುಟ್ಟಿ ಸಾಣಿಗಿ ಹಿಡೀರಿ, ದ್ವಾಸಿ ಹಿಟ್ಟಿನಷ್ಟು ಗಟ್ಟಿ ಕಲಸ್ರಿ, ಒಂದು ಬಟ್ಟಲಿಗೆ ಒಂದು ಚಮಚ ಫೆವಿಕಾಲ್. ಅಂಟು ಜಾಸ್ತಿ ಆದ್ರ ಬಿರುಕು ಬರಂಗಿಲ್ಲ, ಕಡಿಮಿ ಆದ್ರ ಹಕ್ಕಳ ಎದ್ದು ಬೀಳ್ತೈತಿ, ಹೊಲದಿಂದ ಹೊಲಕ್ಕ ಮಣ್ಣು ಬ್ಯಾರೆ ಇರೋದರಿಂದ ಮೊದಲು ಒಂದು ಚೂರು ರಟ್ಟಿನ ಮ್ಯಾಲ ಹಚ್ಚಿ ನೋಡ್ರಿ. ಮಸಾರಿ ಮಣ್ಣು, ಅಂದ್ರ ಕೆಂಪು ಮಣ್ಣು, ಹಿಂಗ ಬಿರಿಯಂಗಿಲ್ಲ, ಅದು ಬರೇ ಒರಟುತನಕ್ಕ.

ಖರೆ ಆಟ ಇರೋದು ಮಣ್ಣಿನ ಕೆಳಗ. ಮಣ್ಣು ಹಚ್ಚೋಕಿಂತ ಮೊದಲ ಬೋರ್ಡಿಗೆ ಕಡು ಹಳದಿ ಅಕ್ರಿಲಿಕ್ (ನೀರಾಗ ಕಲಸೋ ಬಣ್ಣ) ಹಚ್ಚಿ, ಹಿಡತ ಸಿಗಲಿ ಅಂತ ಅದರಾಗ ಒಂದೀಟು ಸಣ್ಣ ಉಸುಕು ಕಲಸಿರ್ರಿ. ಒಣಗಿದ ಮ್ಯಾಲ ಮೂರು ನಾಲ್ಕು ಮಿಲಿಮೀಟರ್ ದಪ್ಪ ಮಣ್ಣು ಎಳೀರಿ, ದಪ್ಪ ಇದ್ದಲ್ಲಿ ದೊಡ್ಡ ಬಿರುಕು, ತೆಳ್ಳಗ ಇದ್ದಲ್ಲಿ ಸಣ್ಣ ಜಾಲ. ನೆರಳಾಗ ಮಲಗಿಸಿ ಒಣಗಸ್ರಿ, ನಮ್ಮ ಏಪ್ರಿಲ್ ಬಿಸಲಾಗ ಇಟ್ರ ಅಂಚು ಸುರುಳಿ ಆಗ್ತೈತಿ. ಒಣಗ್ತಾ ಒಣಗ್ತಾ ಕಪ್ಪು ಬಾಯಿ ಬಿಟ್ಟು ಒಳಗಿನ ಹಳದಿ ಎಳಿ ಎಳಿಯಾಗಿ ಕಾಣಾಕ ಹತ್ತತೈತಿ, ಆ ಗೆರಿ ಯಾವ ಕುಂಚಕ್ಕೂ ಬರಂಗಿಲ್ಲ. ಅದನ್ನ ಗಟ್ಟಿ ಮಾಡಾಕ ಒಂದು ಪಾಲು ಫೆವಿಕಾಲ್‌ಗೆ ಮೂರು ಪಾಲು ನೀರು ಹಾಕಿ ಸ್ಪ್ರೇ ಬಾಟಲ್‌ನಿಂದ ತುಂತುರು ಹೊಡೀರಿ, ಒಣಗಲಿ, ಮತ್ತ ಹೊಡೀರಿ. ಕುಂಚ ಮುಟ್ಟಸಬ್ಯಾಡ್ರಿ, ನೀರು ಜಾಸ್ತಿ ಆದ್ರ ಮಣ್ಣು ಮತ್ತ ಉಬ್ಬಿ ಬಿರುಕು ಮುಚ್ಚಿಕೊಳ್ತೈತಿ.

ಜೀನ್ಸ್ ಚಿಂದಿಗೆ ಬಳ್ಳಾರಿಗಿಂತ ಬ್ಯಾರೆ ಊರು ಬೇಕಾ, ಅಲ್ಲಿ ಜೀನ್ಸ್ ಹೊಲಿಯೋ ಯೂನಿಟ್‌ನಾಗ ಕೇಳಿದ್ರ ಕತ್ತರಿಸಿ ಉಳದ ತುಂಡು ಸಿಗ್ತಾವ. ಕತ್ತರಿ ಬ್ಯಾಡ, ಹರೀರಿ. ಡೆನಿಮ್ಮಿನಾಗ ಉದ್ದ ನೂಲಿಗಷ್ಟ ನೀಲಿ, ಅಡ್ಡ ನೂಲು ಬಿಳಿ, ಅದಕ್ಕ ಉದ್ದಕ್ಕ ಹರದ ಅಂಚಿನಾಗ ಬಿಳಿ ಜೂಲು ತಾನ ಬರ್ತೈತಿ. ನೀಲಿನೂ ನೂಲಿನ ಹೊರಮೈಯಾಗಷ್ಟ ಇರ್ತೈತಿ, ತಿರುಳಿಗೆ ಇಳದಿರಂಗಿಲ್ಲ, ಹಂಗಾಗಿ ಅಂಟಿಸಿ ಒಣಗಿದ ಮ್ಯಾಲ ಪಾಲಿಶ್ ಕಾಗದದಾಗ ತಿಕ್ಕಿದ್ರ ಉಬ್ಬಿದಲ್ಲೆಲ್ಲಾ ತಿಳಿ ಆಗ್ತೈತಿ. ಒಂದೇ ತುಂಡಿನಾಗ ಕಡು ನೀಲಿಯಿಂದ ಮೋಡದ ಬಿಳಿ ತನಕ ಬಣ್ಣ ಹಚ್ಚದ ತೆಗೀಬಹುದು. ಆಮ್ಯಾಲ ಮ್ಯಾಲೊಂದು ಕೋಟ್ ತೆಳು ಫೆವಿಕಾಲ್, ಇಲ್ಲಾಂದ್ರ ನೀಲಿ ಬಾಜೂ ಬಣ್ಣಕ್ಕ ಇಳೀತೈತಿ.

ಗಂಗಾವತಿ ರೈಸ್‌ಮಿಲ್ಲಿನ ಭತ್ತದ ಹೊಟ್ಟು, ಗೋಣಿ ತಟ್ಟು, ಇವೂ ನಡೀತಾವ, ಆದ್ರ ಎಲ್ಲಾ ಒಂದೇ ಬೋರ್ಡಿಗೆ ತುರಕಬ್ಯಾಡ್ರಿ, ಎರಡು ಸಾಕು, ಮೂರನೇದು ಬಂತಂದ್ರ ಸಂತಿ ಆಗ್ತೈತಿ.

ಇನ್ನ ಕೆಂಪು. ಸಂಡೂರು ಕಡೆ ಗುಡ್ಡದಾಗಿನ ಅದಿರು ಹೆಮಟೈಟ್, ಅಂದ್ರ ಕಬ್ಬಿಣದ ಆಕ್ಸೈಡ್, ಕೆಮ್ಮಣ್ಣಿನ ಕೆಂಪೂ ಅದರದ್ದ. ಈ ಕೆಂಪು ಬಿಸಲಿಗೆ ಬಗ್ಗಂಗಿಲ್ಲ, ಗಂಗಾವತಿ ಹತ್ರದ ಹಿರೇಬೆಣಕಲ್ ಗುಡ್ಡದ ಬಂಡೆಗಲ್ಲಿನ ಮ್ಯಾಲಿನ ಹಳೇ ಕೆಂಪು ಚಿತ್ರ ಇವತ್ತಿಗೂ ಕಾಣ್ತಾವ. ಅದಿರು ಆರಸ್ಕೋತ ಗಣಿ ಕಡೆ ಹೋಗೋದು ಬ್ಯಾಡ, ನೆಲಕ್ಕ ಹಾಕೋ ರೆಡ್ ಆಕ್ಸೈಡ್ ಪುಡಿ ಹಾರ್ಡ್‌ವೇರ್ ಅಂಗಡ್ಯಾಗ ಸಿಗ್ತೈತಿ, ಫೆವಿಕಾಲ್ ಇಲ್ಲಾ ಬಿಳಿ ಅಕ್ರಿಲಿಕ್ ಒಳಗ ಕಲಸ್ರಿ, ಪುಡಿ ಕಲಸುವಾಗ ಮೂಗಿಗೆ ಮಾಸ್ಕ್ ಇರಲಿ. ಅರಿಶಿಣ ಮಾತ್ರ ಬ್ಯಾಡ, ಸುಣ್ಣ ಇಲ್ಲಾ ಬಿಳಿ ಸಿಮೆಂಟಿನ ಪುಟ್ಟಿ ತಾಗಿದ್ರ ಕೆಂಪಗಾಗ್ತೈತಿ, ಬಿಸಲಿಗೆ ಇಟ್ರ ಬಣ್ಣನ ಹೋಗ್ತೈತಿ.

ಬಣ್ಣ ಹಚ್ಚೋದು ಹಿಂಗ. ಮೊದಲು ಕಡು ಬಣ್ಣ ನೀರಾಗಿ ಮಾಡಿ ಗೋಣಿ, ಹೊಟ್ಟಿನ ತಗ್ಗಿಗೆಲ್ಲಾ ಇಳಿಸ್ರಿ, ಒಣಗೋದ್ರಾಗ ಒದ್ದಿ ಅರಿವಿಯಿಂದ ಉಬ್ಬನ್ನಷ್ಟ ಒರಸ್ರಿ. ಪೂರಾ ಒಣಗಿದ ಮ್ಯಾಲ ಒಣ ಕುಂಚದ ತುದಿಗೆ ತಿಳಿ ಬಣ್ಣ ಹತ್ತಿಸಿ, ಹಳೇ ಪೇಪರಿಗೆ ಒರಸಿ, ಉಳದಷ್ಟನ್ನ ಮ್ಯಾಲ ಮ್ಯಾಲ ಸವರ್ರಿ. ಕೆಮ್ಮಣ್ಣಿನ ಬಾಜೂಕ ಜೀನ್ಸ್ ನೀಲಿ ಇಟ್ಟು ನೋಡ್ರಿ, ಎರಡೂ ಒಂದನ್ನೊಂದು ಎಬ್ಬಸ್ತಾವ, ಅಲ್ಲಿಗೆ ಬ್ಯಾರೆ ಹೊಳಪಿನ ಬಣ್ಣ ಬೇಕಾಗಂಗಿಲ್ಲ. ಬ್ಯಾಸಗ್ಯಾಗ ಅಕ್ರಿಲಿಕ್ ಪ್ಲೇಟಿನಾಗನ ಗಟ್ಟಿ ಆಗ್ತೈತಿ, ತಟ್ಟಿಗೆ ಒದ್ದಿ ಅರಿವಿ ಹಾಸಿ, ಮ್ಯಾಲ ಬಟರ್ ಪೇಪರ್ ಇಟ್ಟು ಅದರ ಮ್ಯಾಲ ಬಣ್ಣ ಹಾಕ್ಕೋರಿ, ಆದಷ್ಟು ಮುಂಜಾನಿ ತಂಪೊತ್ತಿನಾಗ ಕೆಲಸ ಮುಗಸ್ರಿ.

ವಾರ್ನಿಶ್ ಮ್ಯಾಟ್ ತಗೋರಿ, ಹೊಳಿಯೋದು ಹಚ್ಚಿದ್ರ ಮಣ್ಣು ಪ್ಲಾಸ್ಟಿಕ್ ಆಗಿ ಕಾಣ್ತೈತಿ. ಫೆವಿಕಾಲ್ ಅಂಟಿಗೆ ಪಸಿ ಆಗಿಬರಂಗಿಲ್ಲ, ಮಳಿಗಾಲದಾಗ ತ್ಯಾವ ಹಿಡಿಯೋ ಗ್ವಾಡಿಗೆ ತೂಗಹಾಕಬ್ಯಾಡ್ರಿ. ಧೂಳು ಕುಂತ್ರ ಒಣ ಕುಂಚದಾಗ ಝಾಡಸ್ರಿ, ಒದ್ದಿ ಅರಿವಿ ಹಚ್ಚಬ್ಯಾಡ್ರಿ.